ಹೆಂಡದಂಗಡಿಯಲ್ಲಿ ಅಮ್ಮ ಉಂಡದ್ದು

ಬೋಟಿ ಗೊಜ್ಜಿನ ವಾಸನೆ ಎಲ್ಲಿಂದಲಾದರೂ ತೇಲಿ ಬಂದರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಕತ್ರಿಗುಪ್ಪೆ ಆಗಿನ್ನೂ ಹಳ್ಳಿ. ಆ ಮಧ್ಯಾಹ್ನ ಅಮ್ಮ ನನ್ನ ಕೈ ಹಿಡಿದು ಹನುಮಂತನಗರದಿಂದ ಹೊಲದ ಬದುವಿನ ಮೇಲೆ ಅಲ್ಲಿನ ಹೆಂಡದಂಗಡಿಗೆ ನಡೆದಳು. ಹಿಂದಿನ ದಿನ ಅಲ್ಲಿಗೆ ಹೋಗಿದ್ದ ಅಪ್ಪ ಇನ್ನೂ ಮನೆಗೆ ಬಂದಿರಲಿಲ್ಲ. ಸೋಗೆ ಚಪ್ಪರದ ಕೆಳಗೆ, ಗಂಡಸರ ನಡುವೆ, ಅಪ್ಪ ಬೋಟಿ ಗೊಜ್ಜಲ್ಲಿ ಮುದ್ದೆ ಉಣ್ಣುತ್ತಾ ಕೂತಿದ್ದರು. ಅಮ್ಮ ಒಳಗೆ ಕಾಲಿಟ್ಟದ್ದೇ ತಡ, ಎಲ್ಲರೂ ಊಟ ಬಿಟ್ಟು ಅವಳನ್ನೇ ನೋಡಿದರು.

"ಇಲ್ಲಿಗ್ಯಾಕೆ ಬಂದೆ? ನಡಿ ಮನೆಗೆ," ಅಪ್ಪ ಹಲ್ಲು ಕಚ್ಚಿ ಅಂದರು.

ಅಮ್ಮ ಎದುರಿನ ಬೆಂಚಿನಲ್ಲಿ ಕೂತು, ನನ್ನನ್ನೂ ಪಕ್ಕಕ್ಕೆ ಎಳೆದುಕೊಂಡಳು. ಅವಳ ಅಂಗೈ ಬೆವರಿತ್ತು.

"ಅಕ್ಕ, ನಮ್ಮಿಬ್ರಿಗೂ ಮುದ್ದೆ ಹಾಕಿ," ಎಂದಳು ಅಂಗಡಿಯ ಒಡತಿಗೆ. "ಮನೇಲಿ ಒಲೆ ಹಚ್ಚಿಲ್ಲ."

ಅಪ್ಪ ಎದ್ದು ಕೈ ಎತ್ತಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಕೈ ಇಳ್ಸಪ್ಪ," ಒಡತಿಯ ದನಿ ಕೇಳಿಸಿತು. "ಇಲ್ಲಿ ಉಣ್ಣೋಕೆ ಕೂತೋರ ಮೇಲೆ ಯಾರೂ ಕೈ ಮಾಡಂಗಿಲ್ಲ."

ಅಪ್ಪ ಹೊರಗೆ ಹೋಗಿ ಬಿಸಿಲಲ್ಲಿ ನಿಂತರು. ಅಮ್ಮ ಮುತ್ತುಗದ ಎಲೆಯಲ್ಲಿ ಹಬೆಯಾಡುತ್ತಿದ್ದ ಮುದ್ದೆಯನ್ನು ಒಂದು ಚೂರೂ ಬಿಡದೆ, ನಿಧಾನವಾಗಿ ಉಂಡಳು.

ನಾವು ಹೊರಟಾಗ ಅವರೂ ಹಿಂದೆಯೇ ಬಂದರು. ದಾರಿಯುದ್ದಕ್ಕೂ ಅವರ ಚಪ್ಪಲಿಯ ಸದ್ದು ಕೇಳುತ್ತಿತ್ತು. ಅಮ್ಮ ಒಮ್ಮೆಯೂ ತಿರುಗಿ ನೋಡಲಿಲ್ಲ.