ಮಗನ ಸಹಿ

ಮೀನು ಮಾರಿ ಕೂಡಿಟ್ಟ ಹಣವನ್ನೆಲ್ಲ ಸುಗಂಧಿಯಕ್ಕ ಇಬ್ಬರು ಪುಟ್ಟ ಮೊಮ್ಮಕ್ಕಳ ಹೆಸರಿಗೆ ಉಯಿಲು ಬರೆಸಿದ್ದರು. ಅವರಿಗೆ ಹದಿನೆಂಟು ತುಂಬುವವರೆಗೆ ಅದು ಸೊಸೆಯ ಕೈಯಲ್ಲಿರಬೇಕು. ಹೆಂಡತಿಯ ಬಳೆಯನ್ನೂ ಇಸ್ಪೀಟಿನಲ್ಲಿ ಕಳೆದ ಮಗನಿಗೆ ಚಿಕ್ಕಾಸೂ ಇರಲಿಲ್ಲ.

“ಅಮ್ಮನಿಗೆ ಅರಳುಮರಳು ಅಂತ ಅವ ಕೋರ್ಟಿಗೆ ಹೋದ್ರೆ ಕಷ್ಟ ಉಂಟಕ್ಕ,” ಎಂದು ವಕೀಲರು ಎಚ್ಚರಿಸಿದ್ದರು.

ಉಯಿಲಿಗೆ ಹೆಬ್ಬೆಟ್ಟು ಒತ್ತುವ ದಿನ ವಕೀಲರ ಕಚೇರಿಗೆ ಕರೆಯದೆಯೇ ಬಂದ ಮಗ, ತಾಯಿಯ ನಡುಗುವ ದನಿಯನ್ನೇ ಅಣಕಿಸಿದ. “‘ನನ್ನ ಕನ್ನಡಕ ಎಲ್ಲಿ ಮಗಾ?’ ಮೂಗಿನ ಮೇಲೆಯೇ ಉಂಟು! ಇವರದ್ದೆಂತ ಉಯಿಲು ಮಾರಾಯ್ರೇ?”

ಯಾರೂ ನಗಲಿಲ್ಲ. ಸುಗಂಧಿಯಕ್ಕ ಹೆಬ್ಬೆಟ್ಟು ಒತ್ತಿ, ಜೊತೆಗೆ ಬಂದಿದ್ದ ಪಕ್ಕದ ಮನೆಯವರತ್ತ ತಿರುಗಿದರು. “ಪೂವಪ್ಪಣ್ಣ, ನೀವೊಂದು ಸಹಿ ಹಾಕಿ.”

“ಇವರೆಂತಕ್ಕೆ? ಹಣ ಹೊಡೀಲಿಕ್ಕಾ?” ಮಗ ಪೆನ್ನು ಕಸಿದುಕೊಂಡ. “ಹೊಟ್ಟೆಯಲ್ಲಿ ಹುಟ್ಟಿದ ಮಗ ಇಲ್ಲಿ ನಿಂತಿಲ್ವಾ?”

“ಬೇಡ ಮಗಾ, ನಿನಗೆಂತಕ್ಕೆ ಕಷ್ಟ?”

ಅವನು ಓದದೆಯೇ ಸಹಿ ಗೀಚಿದ. ಅದರ ಮೇಲಿದ್ದ ಸಾಲನ್ನು ವಕೀಲರು ನಿಧಾನವಾಗಿ ಓದಿದರು:

“ಇವರು ಪೂರ್ತಿ ಬುದ್ಧಿ ಸ್ವಾಧೀನದಲ್ಲಿದ್ದು ಈ ಉಯಿಲಿಗೆ ಹೆಬ್ಬೆಟ್ಟು ಒತ್ತಿದ್ದನ್ನು ಕಣ್ಣಾರೆ ಕಂಡ ಸಾಕ್ಷಿ.”