ಅಂತರಪಟದ ಈಚೆ

ಅಂತರಪಟದ ಈಚೆ ನಿಂತಿದ್ದ ಕುಮುದಿನಿಯ ಕೃತಕ ಕಣ್ಣುಗಳಲ್ಲಿ ಬರೀ ಬೂದುಬಣ್ಣ ತುಂಬಿತ್ತು. ವರನ ಮುಖ ಇನ್ನಷ್ಟು ಸ್ಪಷ್ಟವಾಗಿ ಕಾಣಲೆಂದು, ಎಲ್ಲ ಮದುಮಕ್ಕಳಂತೆ ಅವಳೂ ಬೆಳಿಗ್ಗೆ ಅವಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಿದ್ದಳು. ಅಕ್ಕ ವಾರಿಜಾ ಜಡೆ ಸರಿಪಡಿಸುವವಳಂತೆ ನಟಿಸುತ್ತ, ತಂಗಿಯ ಕಿವಿಯ ಹಿಂದಿನ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು.

“ರೀಸ್ಟಾರ್ಟ್ ಆಯ್ತಲ್ಲೇ, ಏನಾದ್ರೂ ಕಾಣ್ತಿದ್ಯಾ?”

“ಇಲ್ಲ ಕಣೇ. ಹಳೇದನ್ನೇ ವಾಪಸ್ ಹಾಕು, ನಿನ್ನ ದಮ್ಮಯ್ಯ!”

“ಅದನ್ನ ಅಳಿಸೇಬಿಟ್ಟಿದೀಯಲ್ಲೇ!”

ವಾದ್ಯ ಜೋರಾಯಿತು. ಕುಮುದಿನಿಯ ಮುಷ್ಟಿಯಲ್ಲಿದ್ದ ಜೀರಿಗೆ ಬೆಲ್ಲ ಬೆವರಿಗೆ ಕರಗುತ್ತಿತ್ತು.

“ಅಕ್ಕಾ, ಅಂತರಪಟ ತೆಗೆಯೋಕೆ ಇನ್ನೂ ಎಷ್ಟು ಹೊತ್ತಿದೆ?”

ವಾರಿಜಾ ಗುಂಡಿಯಿಂದ ಬೆರಳು ತೆಗೆದಳು. ಎದುರಿನಿಂದ ಬಂದ ಕೈಯೊಂದು ಕುಮುದಿನಿಯ ನೆತ್ತಿಯ ಮೇಲೆ ಮೆತ್ತಗೆ ಜೀರಿಗೆ ಬೆಲ್ಲ ಇಟ್ಟಿತು.