ತಟ್ಟೆಯ ಮೇಲಿನ ಅಂಗೈ

“ಇನ್ನೂರು ಗ್ರಾಂ ಇಳಿದುಬಿಟ್ಟಿದ್ದಾಳೆ!” ತಾನೇ ಮಾಡಿದ ತಕ್ಕಡಿಯ ಪರದೆ ನೋಡಿ ಎಂಜಿನಿಯರ್ ಕೂಗಿಕೊಂಡ.

ತಟ್ಟೆಯಲ್ಲಿ ಬರಿಮೈಯಲ್ಲಿ ಮಲಗಿದ್ದ ಅವನ ಮಗಳು ಮಾತ್ರ ಹಾಯಾಗಿ ಆಕಳಿಸಿದಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಈ ವಾರ ತೂಕ ಏರದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

“ರೀ, ಸುಮ್ನೆ ಅಂಗಡಿಯಿಂದ ಒಂದು ತನ್ನಿ ಅಂದೆ, ಕೇಳಿದ್ರಾ?” ಹೆಂಡತಿಯ ದನಿ ಒಡೆಯಿತು. “ಹೊಟ್ಟೆ ತುಂಬಾ ಹಾಲು ಕುಡೀತಾಳೆ, ಇಳಿಯೋದು ಹೇಗೆ?”

ಅವನು ಕೇಳುವ ಆಸಾಮಿಯೇ? ಆಫೀಸಿನಲ್ಲಿ ಹಗಲೆಲ್ಲ ಸೆನ್ಸಾರುಗಳ ಕಿವಿ ಹಿಂಡುವವನು ಮನೆಗೆ ತಕ್ಕಡಿ ಕೊಂಡು ತಂದರೆ ಮಾನ ಉಳಿದೀತೇ! ಊಟದ ಮೇಜಿನ ಮೇಲೆಯೇ ಬೆಸುಗೆ ಹಾಕಿ, ಅಡುಗೆಮನೆಯ ದೊಡ್ಡ ಸ್ಟೀಲ್ ತಟ್ಟೆ ಕೂರಿಸಿದ್ದ. ತಟ್ಟೆ ಖಾಲಿಯಿದ್ದರೂ ಸೆನ್ಸಾರು ಚೂರು ವೋಲ್ಟೇಜು ತೋರಿಸಿಯೇ ತೋರಿಸುತ್ತದೆ. ಗುಂಡಿ ಒತ್ತಿದರೆ ಯಂತ್ರ ಆ ಸುಳ್ಳನ್ನು ಅಳೆದಿಟ್ಟುಕೊಂಡು, ಆಮೇಲಿನ ತೂಕದಿಂದ ಕಳೆಯುತ್ತದೆ. ಈಗಲೂ ಮಗುವನ್ನು ಮಲಗಿಸುವ ಮೊದಲು ಹಾಗೇ ಒತ್ತಿದ್ದ, ಪರದೆಯಿಂದ ಕಣ್ಣು ಕೀಳದೆ.

ಹೆಂಡತಿ ಮಗುವನ್ನು ಎತ್ತಿಕೊಂಡಳು. ಖಾಲಿ ತಟ್ಟೆ ಸೊನ್ನೆ ತೋರಿಸಬೇಕಿತ್ತು. ಮೈನಸ್ ಮುನ್ನೂರು ತೋರಿಸಿತು. ತಂತಿ ಅಲುಗಾಡಿಸಿದ, ತಿರುಪು ಬಿಗಿ ಮಾಡಿದ. ಆ ಮೈನಸ್ಸು ಜಪ್ಪಯ್ಯ ಅಂದರೂ ಕದಲಲಿಲ್ಲ.

“ಇನ್ನೊಂದ್ಸಲ ತೂಗೋಣ, ಕೊಡಮ್ಮ,” ಎಂದು ಪಕ್ಕದಲ್ಲಿದ್ದ ಅವನ ತಾಯಿ ಸೊಸೆಗೆ ಹೇಳುತ್ತ ತಟ್ಟೆಯ ಮೇಲೆ ಅಂಗೈ ಊರಿದರು. ಪರದೆ ಸರ್ರನೆ ಏರಿ ಹೆಚ್ಚುಕಮ್ಮಿ ಸೊನ್ನೆಗೆ ಬಂತು.

“ಅಮ್ಮಾ! ನಾನು ಗುಂಡಿ ಒತ್ತಿದಾಗ್ಲೂ ಹೀಗೇ ಕೈ ಇಟ್ಟಿದ್ದೆಯಾ?”

“ಇಡದೆ ಮತ್ತೆ? ತಟ್ಟೆ ಮಂಜುಗಡ್ಡೆ ಥರ ಇದೆ ಕಣೋ. ಬೆಚ್ಚಗೆ ಮಾಡಿ, ಮಗು ಮಲಗಿಸೋ ಹೊತ್ತಿಗೆ ತೆಗೆದೆ.”

ಅವನಿಗೆ ಹೋದ ಜೀವ ಬಂದಂತಾಯಿತು. “ನನ್ನ ಮಷೀನು ನಿನ್ನ ಕೈನೂ ಸುಳ್ಳು ಅಂತ ಕಳೆದುಬಿಟ್ಟಿದೆ ಕಣಮ್ಮಾ!” ಎಂದು ನಗುತ್ತ, ಎಲ್ಲರನ್ನೂ ದೂರ ಸರಿಸಿ, ಗುಂಡಿ ಒತ್ತಿ, ಮಗುವನ್ನು ಮಲಗಿಸಿದ. ಕಳೆದ ವಾರಕ್ಕಿಂತ ನೂರು ಗ್ರಾಂ ಜಾಸ್ತಿ! ಹೆಂಡತಿ ಕಣ್ಣೊರೆಸಿಕೊಂಡು ನಕ್ಕಳು.

ಅಷ್ಟರಲ್ಲಿ ತಟ್ಟೆಯ ಚಳಿ ಬೆನ್ನಿಗೆ ತಟ್ಟಿ, ಮಗು ಸೂರು ಹಾರಿಹೋಗುವಂತೆ ಕಿರುಚಿತು.

ಅಮ್ಮ ಎರಡೂ ಅಂಗೈ ಉಜ್ಜಿಕೊಳ್ಳುತ್ತ ಮುಂದೆ ಬಂದರು. “ಕೇಳಿಸ್ತಾ? ಅವಳಿಗೆ ನನ್ನ ಕೈ ಸುಳ್ಳಲ್ಲ.”